ತೂಗಿ ಕೇಳುವ ಕಿವಿ, ತಣಿಯದ ಬೆರಗು

1933ರಲ್ಲಿ ಗದಗದಿಂದ ಹನ್ನೊಂದು ವರ್ಷದ ಹುಡುಗನೊಬ್ಬ ಮನೆ ಬಿಟ್ಟು ಹೋದ. ಅದಕ್ಕೂ ಮೊದಲು ಅವನು ಊರಿನ ಅಂಗಡಿಯೊಂದರಲ್ಲಿ ಗ್ರಾಮೋಫೋನ್ ಪ್ಲೇಟು ಕೇಳಿದ್ದ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಝಿಂಝೋಟಿಯಲ್ಲಿ ಹಾಡಿದ ಒಂದು ಠುಮರಿ ಅದು. ಹೀಗೆ ಹಾಡಲು ಕಲಿಸುವ ಗುರು ಎಲ್ಲಿದ್ದರೂ ಹುಡುಕಬೇಕೆಂದು ಹೊರಟವನು ಗ್ವಾಲಿಯರ್, ಜಲಂಧರ ಎಂದು ಉತ್ತರ ದೇಶ ತಿರುಗಿದ. ಕೊನೆಗೆ ಗುರು ಸಿಕ್ಕದ್ದು ಗದಗಕ್ಕೆ ಹತ್ತಿರದ ಕುಂದಗೋಳದಲ್ಲಿ. ಗುರುವಿನ ಹೆಸರು ಸವಾಯಿ ಗಂಧರ್ವ. ಅವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಹುಡುಗನ ಹೆಸರು ಭೀಮಸೇನ ಜೋಶಿ.

ಆ ಪ್ಲೇಟನ್ನು ಆ ದಿನಗಳಲ್ಲಿ ಎಷ್ಟೋ ಜನ ಕೇಳಿರಬೇಕು, ಕೇಳಿ ತಲೆದೂಗಿರಬೇಕು, ಸಂತೆ ಮುಗಿಸಿ ತಮ್ಮ ಊರಿನ ದಾರಿ ಹಿಡಿದಿರಬೇಕು. ಅದರಲ್ಲಿದ್ದದ್ದು ಮೂರು ಚಿಲ್ಲರೆ ನಿಮಿಷದ ಹಾಡು, ಅದರ ಮೇಲೆ ಸೂಜಿ ಉಜ್ಜುವ ಸದ್ದು. ಅಷ್ಟರಲ್ಲಿ ಹುಡುಗನಿಗೆ ಏನು ಕೇಳಿಸಿತು? ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಹಿಡಿದುಕೊಂಡಿದೆ. ಬರೀ ಇಂಪು ಕೇಳಿಸಿದ್ದರೆ ಅವನು ಇನ್ನೊಮ್ಮೆ ಹಾಕಿರೆಂದು ಕೇಳಿ, ಸುಖಪಟ್ಟು ಮನೆಗೆ ಹೋಗುತ್ತಿದ್ದ. ಅವನಿಗೆ ಅಲ್ಲಿ ಹಾಡಿನ ಒಳಗಿನ ಕೆಲಸ ಕೇಳಿಸಿರಬೇಕು. ಸ್ವರವನ್ನು ಹೀಗೂ ಹಚ್ಚಬಹುದು, ದನಿಯನ್ನು ಇಷ್ಟು ಸಣ್ಣಗೆ ಎಳೆದರೂ ಅದು ಕಡಿಯದೆ ಉಳಿಯಬಹುದು ಎಂಬುದು ಹೊಳೆದಿರಬೇಕು. ಬೆರಗಾದದ್ದೂ ಅದೇ ಕಿವಿ, ತೂಗಿ ನೋಡಿದ್ದೂ ಅದೇ ಕಿವಿ.

ಸಂಗೀತವನ್ನು ವಿಮರ್ಶೆಯಿಂದ ಕೇಳಬೇಕು ಎಂದರೆ ನಮ್ಮ ಕಡೆ ಕೆಲವರಿಗೆ ಅಂಜಿಕೆ. ಲೆಕ್ಕ ಹಾಕುತ್ತ ಕುಂತರೆ ರಸ ಹೋಗಿಬಿಡುತ್ತದೆ, ಕಣ್ಣು ಮುಚ್ಚಿ ಸುಮ್ಮನೆ ಕೇಳಬೇಕು ಎನ್ನುತ್ತಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ನಾನು ಕಂಡುಕೊಂಡದ್ದು ಬೇರೆ. ಕಿವಿ ಚುರುಕಾದಷ್ಟೂ ಬೆರಗು ದೊಡ್ಡದಾಗುತ್ತದೆ. ಏನು ನಡೆಯುತ್ತಿದೆ ಎಂದು ತಿಳಿಯದವನಿಗೆ ಆಗುವ ಆಶ್ಚರ್ಯ ಒಂದು ಗಳಿಗೆಯದು. ಅದು ಎಷ್ಟು ಕಷ್ಟದ್ದು, ಎಷ್ಟು ನಿಖರವಾದದ್ದು ಎಂದು ತಿಳಿದವನಿಗೆ ಆಗುವ ಆಶ್ಚರ್ಯ ಬದುಕಿನುದ್ದಕ್ಕೂ ಜೊತೆಗಿರುತ್ತದೆ.

ಇಂಥ ಚುರುಕು ಕಿವಿ ಹಳ್ಳಿಗಳಲ್ಲೂ ಇದೆ. ಕೊರ್ಲಹಳ್ಳಿ ಎಂಬ ಊರು ಇರುವುದು ಮುಂಡರಗಿ ತಾಲ್ಲೂಕಿನ ಅಂಚಿಗೆ, ತುಂಗಭದ್ರೆಯ ದಂಡೆಗೆ. ಹೊಳೆ ದಾಟಿದರೆ ಹೂವಿನಹಡಗಲಿ ಸೀಮೆ. ಈ ಕಡೆ ಎರೆ ಹೊಲಗಳು, ದೂರಕ್ಕೆ ಕಪ್ಪತ್ತಗುಡ್ಡ. ಟಿಕೀಟು ತೆಗೆಸಿ ಹಾಡು ಕೇಳಿಸುವ ಸಭಾಗೃಹಗಳು ಇಂಥ ಊರುಗಳಲ್ಲಿ ಇರುವುದಿಲ್ಲ. ಹಾಗಂತ ಈ ಸೀಮೆಯ ಕಿವಿಗೆ ರಾಗ ಹೊಸದಲ್ಲ. ಶ್ರಾವಣ ಬಂತೆಂದರೆ ಮಠದಲ್ಲೋ ಗುಡಿಯಲ್ಲೋ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳು ಪ್ರವಚನ ಹೇಳುತ್ತಿದ್ದರೆ ಪಕ್ಕದಲ್ಲಿ ಪೇಟಿ (ಹಾರ್ಮೋನಿಯಂ) ಮುಂದಿಟ್ಟುಕೊಂಡು ಗವಾಯಿಗಳು ಕುಳಿತಿರುತ್ತಾರೆ, ಅವರ ಬಲಕ್ಕೆ ತಬಲಾ ಸಾಥಿಯವರು. ಪ್ರವಚನ ಒಂದು ಕಡೆ ನಿಂತಾಗ ಗವಾಯಿಗಳು ವಚನ ಎತ್ತಿಕೊಳ್ಳುತ್ತಾರೆ. ಹೊಲದಿಂದ ಬಂದು ಕೈಕಾಲು ತೊಳೆದು ಕುಳಿತವರ ಎದುರು ಯಮನ್, ಭೀಮಪಲಾಸಿ, ಮಾಲಕಂಸ ಬಿಚ್ಚಿಕೊಳ್ಳುತ್ತವೆ. ಕಟ್ಟೆಯ ಮೇಲೆ ಕುಳಿತ ಅಜ್ಜನಿಗೆ ರಾಗದ ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ಮೇಲಿನ ಷಡ್ಜ ಪೂರ್ತಿ ಹತ್ತಲಿಲ್ಲ ಎಂಬುದು ಅವನಿಗೆ ಗೊತ್ತಾಗುತ್ತದೆ. "ಇವತ್ತು ಗವಾಯಿಗಳ ದನಿ ಯಾಕೋ ಏಳಲಿಲ್ಲ" ಎಂದು ಮರುದಿನ ಹೇಳುತ್ತಾನೆ. ಎರೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಸಿ ಎಷ್ಟಿದೆ ಎಂದು ಹೇಳುವ ರೈತನ ಕೈಯಂಥದೇ ಆ ಕಿವಿ. ಯಾವ ಪುಸ್ತಕವನ್ನೂ ಓದದೆ, ವರ್ಷ ವರ್ಷ ಕೇಳಿ ಕೇಳಿ ಹದಗೊಂಡದ್ದು.

ಆ ಗವಾಯಿಗಳಲ್ಲಿ ಬಹಳ ಮಂದಿಯ ಬೇರು ಇರುವುದು ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಹುಟ್ಟು ಅಂಧರು. ಹಾನಗಲ್ ಕುಮಾರಸ್ವಾಮಿಗಳ ಆಸರೆಯಲ್ಲಿ ಕರ್ನಾಟಕ ಸಂಗೀತವನ್ನೂ ಹಿಂದೂಸ್ತಾನಿಯನ್ನೂ ಕಲಿತರು. ಅಂಧ ಮಕ್ಕಳನ್ನು, ದಿಕ್ಕಿಲ್ಲದ ಮಕ್ಕಳನ್ನು ಸೇರಿಸಿಕೊಂಡು ಅನ್ನ ಹಾಕಿ ಸ್ವರ ಹೇಳಿಕೊಟ್ಟರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆಶ್ರಮವನ್ನು ನಡೆಸಿದವರು ಪುಟ್ಟರಾಜ ಗವಾಯಿಗಳು. ಅವರಿಗೂ ಕಣ್ಣಿರಲಿಲ್ಲ. ಹಾಡುವುದರ ಜೊತೆಗೆ ಪೇಟಿ, ತಬಲಾ, ಪಿಟೀಲು, ಸಾರಂಗಿ ನುಡಿಸುತ್ತಿದ್ದರು. 2010ರಲ್ಲಿ ತೀರಿಕೊಳ್ಳುವವರೆಗೂ ಕಲಿಸುತ್ತಲೇ ಇದ್ದರು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು, ವೆಂಕಟೇಶ ಕುಮಾರ ಪುಟ್ಟರಾಜರ ಶಿಷ್ಯರು. ಪಾಠ ಬರೆದುಕೊಳ್ಳಲು ಬಾರದ, ಗುರುವಿನ ಬೆರಳನ್ನು ನೋಡಿ ಅನುಕರಿಸಲೂ ಆಗದ ಎಷ್ಟೋ ಮಕ್ಕಳು ಅಲ್ಲಿ ಕಲಿತದ್ದು ಕೇಳಿ, ಕೇಳಿದ್ದನ್ನು ತಿರುಗಿ ಹೇಳಿ, ತಪ್ಪಿದಲ್ಲಿ ಮತ್ತೆ ಕೇಳಿ. ವಿಮರ್ಶೆಯ ಕಿವಿ ಎಂಬುದು ಪೇಟೆಯ ಪಂಡಿತರ ಸ್ವತ್ತು ಎಂದು ತಿಳಿದವರು ಈ ಆಶ್ರಮದ ಕಥೆಯನ್ನು ನೆನೆಯಬೇಕು. ಅಲ್ಲಿ ಅದು ಅಂಧ ಮಕ್ಕಳ ದಿನದ ಅನ್ನವಾಗಿತ್ತು.

ಈಗ ಕೊರ್ಲಹಳ್ಳಿಯ ಹೊಳೆದಂಡೆಯಲ್ಲಿ ಕುಳಿತವನ ಕಿಸೆಯಲ್ಲೂ ಮೊಬೈಲ್ ಇದೆ. ಅದರಲ್ಲಿ ಅಬ್ದುಲ್ ಕರೀಂ ಖಾನರಿದ್ದಾರೆ, ಮಲ್ಲಿಕಾರ್ಜುನ ಮನ್ಸೂರರಿದ್ದಾರೆ, ಗಂಗೂಬಾಯಿ ಹಾನಗಲ್ ಇದ್ದಾರೆ. 1933ರ ಹುಡುಗನಿಗೆ ಒಂದು ಪ್ಲೇಟು ಸಿಕ್ಕಿತ್ತು. ನಮಗೆ ಸಾವಿರ ಸಿಕ್ಕಿವೆ. ಆದ್ದರಿಂದಲೇ ಹೇಗೆ ಕೇಳಬೇಕು ಎಂಬ ಮಾತು ಈಗ ಹೆಚ್ಚು ಮುಖ್ಯವಾಗಿದೆ.

ಹಳೆಯ ಮುದ್ರಿಕೆ ಕೇಳುವವನು ಮೊದಲು ಅದರ ಹುಟ್ಟನ್ನು ತಿಳಿಯಬೇಕು. 1902ರಲ್ಲಿ ಗ್ರಾಮೋಫೋನ್ ಕಂಪನಿಯವರು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡರು. ಆಗ ಮೈಕು ಇರಲಿಲ್ಲ. ದೊಡ್ಡ ತುತ್ತೂರಿಯೊಳಕ್ಕೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಹಾಡು ಮುಗಿದಾಗ ಕಲಾವಿದೆ ತನ್ನ ಹೆಸರನ್ನು ಕೂಗಿ ಹೇಳುತ್ತಿದ್ದಳು. ಪ್ಲೇಟು ಅಚ್ಚು ಹಾಕುವವರಿಗೆ ಇದು ಯಾರ ದನಿ ಎಂದು ಗುರುತು ಸಿಗಲಿ ಎಂದು. ಅದೇ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರಿನ ಅರಸರ ಆಶ್ರಯದಲ್ಲಿ ಕಳೆದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಇಡೀ ದೇಶದ ಮನೆಗಳಲ್ಲಿ ಮೊಳಗಿದ ಮೊದಲ ದನಿಗಳಲ್ಲಿ ಒಂದು ಕನ್ನಡದ ನೆಲದಲ್ಲಿ ಮಣ್ಣಾಯಿತು.

ಮೂರು ನಿಮಿಷಕ್ಕೆ ಖಯಾಲು ಹಿಡಿಯುವುದು ಸುಮ್ಮನೆ ಮಾತಲ್ಲ. ಬೈಠಕ್ಕಿನಲ್ಲಿ ಒಂದು ತಾಸು ಬೆಳೆಸುವ ರಾಗದ ಮುಖವನ್ನು ಅಷ್ಟರಲ್ಲಿ ತೋರಿಸಬೇಕು. ಅವಸರ ಮಾಡಿದಂತೆ ಕೇಳಿಸಬಾರದು, ಆದರೆ ಒಂದು ಉಸಿರೂ ವ್ಯರ್ಥವಾಗಬಾರದು. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಪ್ಲೇಟುಗಳನ್ನೂ ಅವರ ಇಳಿವಯಸ್ಸಿನ ದೀರ್ಘ ಮುದ್ರಿಕೆಗಳನ್ನೂ ಒಂದರ ಹಿಂದೆ ಒಂದು ಇಟ್ಟು ಕೇಳಿದರೆ ಇದು ತಿಳಿಯುತ್ತದೆ. ಮೊದಲಿನದರಲ್ಲಿ ಯೌವನದ ಗಂಟಲು, ಮಿಂಚಿನ ತಾನು, ಗ್ವಾಲಿಯರ್ ತಾಲೀಮಿನ ಗಟ್ಟಿ ಕಟ್ಟು. ಎರಡನೆಯದರಲ್ಲಿ ಗುರುಗಳಾದ ಮಂಜಿಖಾನ್, ಭೂರ್ಜಿಖಾನರಿಂದ ಬಂದ ಜೈಪುರ ಘರಾಣೆಯ ಹೆಣಿಗೆ: ಒಂದು ಸ್ವರಕ್ಕೆ ಇನ್ನೊಂದರ ಕೊಂಡಿ, ತಾನಿನೊಳಗೇ ಆಲಾಪ. ಮೂರು ನಿಮಿಷದ ಶಿಸ್ತು ಅವರ ದೀರ್ಘ ಗಾಯನದಲ್ಲೂ ಉಳಿದಿತ್ತೆಂದು ನನಗೆ ಅನ್ನಿಸುತ್ತದೆ. ಅವರು ರಾಗದ ಬಾಗಿಲ ಹೊರಗೆ ಹೊತ್ತು ಕಳೆಯುವವರಲ್ಲ. ಬಾಯಿ ತೆರೆದರೆ ನಟಬಿಹಾಗ ರಾಗ ಎದುರಿಗೆ ನಿಂತಿರುತ್ತದೆ.

ಮುದ್ರಿಕೆ ನಮ್ಮನ್ನು ಮೋಸಗೊಳಿಸುವ ಬಗೆಗಳೂ ಇವೆ. 78 ಸುತ್ತಿನ ಪ್ಲೇಟನ್ನು ವೇಗ ತಪ್ಪಿಸಿ ನುಡಿಸಿದರೆ ಶ್ರುತಿಯೇ ಬದಲಾಗುತ್ತದೆ. ನೂರಕ್ಕೆ ಆರರಷ್ಟು ವೇಗ ಹೆಚ್ಚಿದರೆ ಸಾಕು, ಪೇಟಿಯ ಕಪ್ಪು ಎರಡರ ಮನೆಯಲ್ಲಿ ಹಾಡಿದ್ದು ಬಿಳಿ ಮೂರರಲ್ಲಿ ಕೇಳಿಸುತ್ತದೆ. ದನಿ ತೆಳ್ಳಗಾಗುತ್ತದೆ, ತಾನು ಹೆಚ್ಚು ಚುರುಕಾದಂತೆ ತೋರುತ್ತದೆ. ಕೇಳುಗ ಮೆಚ್ಚಿದ್ದು ಗಾಯಕನ ತಯಾರಿಯನ್ನೋ ಯಂತ್ರದ ವೇಗವನ್ನೋ ಎಂದು ವಿಚಾರಿಸಬೇಕಾಗುತ್ತದೆ. ಹಾಗೆಯೇ ಗರಗರ ಸದ್ದನ್ನು ಪೂರ್ತಿ ಒರೆಸಲು ಹೋದವರು ಕೆಲವು ಮರುಮುದ್ರಣಗಳಲ್ಲಿ ಅದರ ಜೊತೆಗೆ ದನಿಯ ಮೇಲಿನ ಹೊಳಪನ್ನೂ ಒರೆಸಿಬಿಟ್ಟಿದ್ದಾರೆ. ಸದ್ದಿದ್ದರೂ ಪೂರ್ತಿ ದನಿ ಇರುವ ಪ್ಲೇಟನ್ನೇ ನಾನು ಆರಿಸುತ್ತೇನೆ. ಸ್ವಲ್ಪ ಹೊತ್ತಿಗೆ ಕಿವಿ ತಾನಾಗಿಯೇ ಗರಗರವನ್ನು ಬದಿಗಿಟ್ಟು ಹಾಡನ್ನು ಹಿಡಿಯುತ್ತದೆ. ಯಂತ್ರಕ್ಕೆ ಕಷ್ಟವಾದ ಈ ಕೆಲಸ ಮನುಷ್ಯನ ಕಿವಿಗೆ ಇಷ್ಟು ಸಲೀಸು ಎಂಬುದೇ ಒಂದು ಸೋಜಿಗ.

ಬೆರಗಿನ ಮೂಲವನ್ನು ಹುಡುಕುತ್ತ ಹೋದರೆ ನಾವು ಬಂದು ನಿಲ್ಲುವುದು ತಂಬೂರಿಯ ಮುಂದೆ. ನಾಲ್ಕು ತಂತಿ: ಪಂಚಮ, ಎರಡು ಷಡ್ಜ, ಒಂದು ಖರಜ (ಕೆಳಗಿನ ಷಡ್ಜ). ಇಷ್ಟೇ ಮೀಟುವುದು. ಆದರೆ ಚೆನ್ನಾಗಿ ಕೂಡಿಸಿದ ತಂಬೂರಿಯ ಮುಂದೆ ಐದು ನಿಮಿಷ ಕುಳಿತರೆ ಯಾರೂ ಮೀಟದ ಗಾಂಧಾರ ಕೇಳತೊಡಗುತ್ತದೆ. ಖರಜದ ತಂತಿ ತನ್ನ ಮೂಲ ನಾದದ ಐದು ಪಟ್ಟಿನ ಕಂಪನವನ್ನೂ ಒಳಗೇ ಹೊತ್ತಿರುತ್ತದೆ. ಆ ಐದನೆಯದು ಶುದ್ಧ ಗಾಂಧಾರ. ಸ್ವಯಂಭೂ ಗಾಂಧಾರ ಎಂದು ಗವಾಯಿಗಳು ಕರೆಯುವುದು ಇದನ್ನೇ. ಭೌತವಿಜ್ಞಾನಿ ಸಿ.ವಿ. ರಾಮನ್ 1920ರ ದಶಕದ ಆರಂಭದಲ್ಲಿ ತಂಬೂರಿಯನ್ನೂ ವೀಣೆಯನ್ನೂ ಪರೀಕ್ಷೆಗೆ ಎತ್ತಿಕೊಂಡರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಅಲ್ಲಿ ಅಲುಗದೆ ನಿಲ್ಲುವ ಉಪಸ್ವರಗಳು ಹುಟ್ಟಲಾರವು ಎಂಬುದು ಅದುವರೆಗಿನ ನಿಯಮ. ನಮ್ಮ ತಂಬೂರಿ ಆ ನಿಯಮಕ್ಕೆ ಬಗ್ಗಲಿಲ್ಲ. ಬಾಗಿದ ಕುದುರೆಯ ಮೇಲೆ ತಂತಿ ಒರಗಿ ಏಳುವುದರಿಂದ, ಅದರ ಕೆಳಗಿಟ್ಟ ದಾರದ ಎಳೆಯಿಂದ, ಬರಬಾರದ ಉಪಸ್ವರಗಳೂ ಬಲವಾಗಿ ಬರುತ್ತವೆ ಎಂದು ರಾಮನ್ ತೋರಿಸಿದರು. ಮೃದಂಗ ತಬಲಾಗಳ ನಡುವಿನ ಕಪ್ಪು ಕರಣೆ ಚರ್ಮದ ಒರಟು ಸದ್ದನ್ನು ಸ್ವರವಾಗಿ ಹೇಗೆ ಒಲಿಸುತ್ತದೆ ಎಂಬುದನ್ನೂ ಅವರೇ ವಿವರಿಸಿದರು. ಆ ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಜವಾರಿ (ತಂತಿಯ ಝೇಂಕಾರ) ತೆಗೆಯುವ ಮಿರಜಿನ ಕುಶಲಕರ್ಮಿಗಳು ತಲೆಮಾರುಗಳಿಂದ ಕಿವಿಯಿಂದಲೇ ಮಾಡುತ್ತ ಬಂದದ್ದಕ್ಕೆ ಭೌತವಿಜ್ಞಾನ ಕಾರಣ ಹೇಳಿತು. ಕಾರಣ ತಿಳಿದ ಮೇಲೆ ತಂಬೂರಿಯ ಮುಂದೆ ಕುಳಿತಾಗ ನನಗೆ ಬೆರಗು ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು. ಒಂದು ದಾರದ ಎಳೆ ಇಡೀ ನಾದಲೋಕವನ್ನು ತೆರೆಯುತ್ತದಲ್ಲ!

ಈ ಗಾಂಧಾರವನ್ನು ಕಿವಿಯಲ್ಲಿ ಇಟ್ಟುಕೊಂಡು ಈಗ ಪೇಟಿಯ ಗಾಂಧಾರ ಒತ್ತಿ ನೋಡಬೇಕು. ಪೇಟಿಯ ಮನೆಗಳನ್ನು ಸಮಪಾಲು ಹಂಚಿರುವುದರಿಂದ ಅದರ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ತುಸು ಮೇಲಿರುತ್ತದೆ. ಅರ್ಧಸ್ವರದ ಸುಮಾರು ಏಳನೇ ಒಂದು ಭಾಗದಷ್ಟು. ಆ ಅಂತರ ಸಣ್ಣದು, ಆದರೆ ಯಮನ್ ಹಾಡುವಾಗ ಗಾಯಕ ಗಾಂಧಾರದ ಮೇಲೆ ನಿಂತರೆ ಕೇಳುಗನಿಗೆ ಅದು ಗೊತ್ತಾಗುತ್ತದೆ. ಪಳಗಿದ ಪೇಟಿ ಮಾಸ್ತರರು ಅಂಥ ಜಾಗದಲ್ಲಿ ಬೆರಳನ್ನು ಹಗುರ ಮಾಡುತ್ತಾರೆ, ಇಲ್ಲವೇ ಗಾಯಕ ನಿಂತ ಸ್ವರವನ್ನು ಬಿಟ್ಟು ಪಕ್ಕದ ಆಸರೆ ಕೊಡುತ್ತಾರೆ. ಪೇಟಿಯ ಸ್ವರ ನಮ್ಮ ಸಂಗೀತಕ್ಕೆ ಒಗ್ಗದೆಂಬ ಇಂಥ ವಾದಗಳಿಂದಾಗಿ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ನಿಷೇಧಿಸಿತ್ತು; ಆ ನಿಷೇಧ 1971ರ ತನಕ ನಡೆಯಿತು. ನಮ್ಮ ಹಳ್ಳಿಗಳ ಪುರಾಣ, ಭಜನೆ, ಬಯಲಾಟಗಳನ್ನು ಪೇಟಿ ಸಾಕಿದ ರೀತಿಯನ್ನು ಬಲ್ಲ ನನಗೆ ಆ ನಿಷೇಧ ಸರಿ ಎನಿಸುವುದಿಲ್ಲ. ಆದರೆ ಅದರ ಹಿಂದಿದ್ದ ಪ್ರಶ್ನೆ ನಿಜವಾದ ಪ್ರಶ್ನೆ. ಅದನ್ನು ಕಿವಿಯಿಂದ ಬಿಡಿಸಬೇಕಿತ್ತು, ಆಜ್ಞೆಯಿಂದ ಬಿಡಿಸಲು ಹೋದರು.

ಸ್ವರವನ್ನು ಗುರುತಿಸುವುದು ಮೊದಲ ಮೆಟ್ಟಿಲು. ಅಲ್ಲಿಂದ ಮುಂದೆ ದೊಡ್ಡ ಒಗಟು ಶುರುವಾಗುತ್ತದೆ. ಭೂಪ್ ಮತ್ತು ದೇಶಕಾರ ರಾಗಗಳಿಗೆ ಇರುವುದು ಅವೇ ಐದು ಸ್ವರ: ಸ ರಿ ಗ ಪ ಧ. ಬರೆದಿಟ್ಟರೆ ಎರಡೂ ಒಂದೇ. ಆದರೆ ಭೂಪ್ ಗಾಂಧಾರದ ಮೇಲೆ ನಿಂತು ಸಂಜೆಯ ಗಂಭೀರವನ್ನು ಹರಡುತ್ತದೆ; ದೇಶಕಾರ ಧೈವತವನ್ನು ಹಿಡಿದು ಬೆಳಗಿನ ಹುರುಪಿನಲ್ಲಿ ಮೇಲಕ್ಕೆ ನೋಡುತ್ತದೆ. ಮಾರವಾ, ಪೂರಿಯಾ, ಸೋಹನಿ ಮೂರರಲ್ಲೂ ಪಂಚಮವಿಲ್ಲ, ಕೋಮಲ ರಿಷಭ, ತೀವ್ರ ಮಧ್ಯಮ. ಪೂರಿಯಾ ಮಂದ್ರದಲ್ಲಿ ಮುಳುಗುತ್ತದೆ, ಸೋಹನಿ ತಾರದಲ್ಲಿ ಹೊಳೆಯುತ್ತದೆ. ಮಾರವಾ ಷಡ್ಜವನ್ನು ತಪ್ಪಿಸುತ್ತ ತಪ್ಪಿಸುತ್ತ ರಿಷಭ ಧೈವತಗಳ ನಡುವೆ ನಮ್ಮನ್ನು ನೆಲೆಯಿಲ್ಲದೆ ತಿರುಗಿಸುತ್ತದೆ. ಗಾಯಕ ಅಮೀರ್ ಖಾನರ ಮಾರವಾ ಮುದ್ರಿಕೆಯಲ್ಲಿ ಕಡೆಗೊಮ್ಮೆ ಷಡ್ಜ ಬಂದಾಗ ಎದೆಯಿಂದ ಉಸಿರು ಹೊರಬೀಳುತ್ತದೆ. ಆ ಷಡ್ಜ ತಂಬೂರಿಯಲ್ಲಿ ಮೊದಲಿನಿಂದಲೂ ನುಡಿಯುತ್ತಲೇ ಇತ್ತು. ಕಿವಿಯ ಪಕ್ಕದಲ್ಲೇ ಇದ್ದುದಕ್ಕಾಗಿ ನಾವು ಹಂಬಲಿಸುವಂತೆ ಮಾಡಿದ್ದು ಗಾಯಕನ ತಡೆ.

ಹಾಗಾದರೆ ರಾಗ ಇರುವುದು ಎಲ್ಲಿ? ಸ್ವರಗಳಲ್ಲಿ ಅನ್ನೋಣವೆಂದರೆ ಸ್ವರಗಳು ಬೇರೆ ರಾಗಕ್ಕೂ ಅವೇ. ಎಲ್ಲಿ ನಿಲ್ಲಬೇಕು, ಎಲ್ಲಿ ತಾಗಿಯೂ ತಾಗದಂತೆ ಸಾಗಬೇಕು, ಯಾವ ಕಡೆಯಿಂದ ಬಂದು ಯಾವ ಸ್ವರವನ್ನು ಮುಟ್ಟಬೇಕು ಎಂಬ ನಡೆಯಲ್ಲಿ ರಾಗವಿದೆ. ಇದನ್ನು ಒಬ್ಬ ಗಾಯಕರನ್ನು ಒಮ್ಮೆ ಕೇಳಿ ತಿಳಿಯಲಾಗುವುದಿಲ್ಲ. ಇಬ್ಬರನ್ನು ಕೇಳಬೇಕು, ಹತ್ತು ಜನರನ್ನು ಕೇಳಬೇಕು, ಒಬ್ಬರನ್ನೇ ಹತ್ತು ಸಲ ಕೇಳಬೇಕು. ಹೋಲಿಸುವುದೆಂದರೆ ಒಬ್ಬರನ್ನು ಮೇಲೆ ಕೂರಿಸಿ ಇನ್ನೊಬ್ಬರನ್ನು ಕೆಳಗಿಳಿಸುವುದಲ್ಲ. ಒಬ್ಬರ ಬೆಳಕಿನಲ್ಲಿ ಇನ್ನೊಬ್ಬರನ್ನು ಕಾಣುವುದು.

ಗಂಗೂಬಾಯಿ ಹಾನಗಲ್ ಅವರ ಉದಾಹರಣೆ ನೋಡಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ತಾನಿ ತಾಲೀಮಿಗೆ ಅಡ್ಡಿಯಾಗದಿರಲೆಂದು ಆಕೆ ತಮ್ಮ ಹಾಡನ್ನೇ ನಿಲ್ಲಿಸಿದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಗಂಗೂಬಾಯಿ ಸವಾಯಿ ಗಂಧರ್ವರಲ್ಲಿ ಕಲಿತರು. 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರಿನಲ್ಲಿ ಬಂದ ಅವರ ಮೊದಮೊದಲ ಪ್ಲೇಟುಗಳಲ್ಲಿ ದನಿ ಎತ್ತರದ್ದು, ನುಣುಪಾದದ್ದು. ಮುಂದೆ ಗಂಟಲಿನ ಚಿಕಿತ್ಸೆಯ ಬಳಿಕ ಆ ದನಿ ಇಳಿದು, ಗಂಡುದನಿಯಂತೆ ಘನವಾಯಿತು. ಎರಡನ್ನೂ ಹೆಸರು ಹೇಳದೆ ಕೇಳಿಸಿದರೆ ಇಬ್ಬರು ಬೇರೆ ಬೇರೆ ಎಂದೇ ಹೇಳುತ್ತೇವೆ. ಆದರೆ ತಾಳ್ಮೆಯಿಂದ ಕೇಳಿದಾಗ ಕೆಳಗೊಂದು ಗುರುತು ಸಿಗುತ್ತದೆ. ಸ್ವರದ ಮೇಲೆ ನೇರವಾಗಿ, ಅಳುಕಿಲ್ಲದೆ ಬಂದು ನಿಲ್ಲುವ ರೀತಿ ಎರಡರಲ್ಲೂ ಒಂದೇ. ಬೇರೊಬ್ಬ ಗಾಯಕಿಗೆ ದನಿಯ ಆ ಬದಲಾವಣೆ ಹಾಡಿನ ಬದುಕಿನ ಕೊನೆಯಾಗಿ ಕಾಣಬಹುದಿತ್ತು. ಇವರು ಹೊಸ ಗಂಟಲಿಗೆ ಹೊಸ ಗಾಂಭೀರ್ಯ ಕಂಡುಕೊಂಡು 2009ರವರೆಗೆ, 96 ವರ್ಷ ಬದುಕಿದರು. ಈ ಧೈರ್ಯ ನನಗೆ ಯಾವ ಜೀವನಚರಿತ್ರೆಗಿಂತ ಹೆಚ್ಚು ಸ್ಪಷ್ಟವಾಗಿ ಆ ಎರಡು ಮುದ್ರಿಕೆಗಳ ನಡುವೆ ಕೇಳಿಸುತ್ತದೆ.

ಅದೇ ಗುರುವಿನ ಶಿಷ್ಯ ಭೀಮಸೇನರ ಶುದ್ಧಕಲ್ಯಾಣವನ್ನು ಗಂಗೂಬಾಯಿಯವರ ಹಾಡಿನ ಪಕ್ಕದಲ್ಲಿಡಿ. ಒಂದೇ ಘರಾಣೆ, ಒಂದೇ ಮನೆಯ ಪಾಠ. ಸ್ವರ ಸ್ವರವಾಗಿ ರಾಗವನ್ನು ಬೆಳೆಸುವ ಕಿರಾಣಾ ಪದ್ಧತಿ ಎರಡರಲ್ಲೂ ಇದೆ. ಆದರೆ ಭೀಮಸೇನರಲ್ಲಿ ಮಂದ್ರದಿಂದ ಎದ್ದ ದನಿ ತಾರಕ್ಕೆ ಹೋಗುವಾಗ ಇಡೀ ದೇಹವೇ ಹಾಡಾದಂತಿರುತ್ತದೆ. ತಾನುಗಳಲ್ಲಿ ಬೇರೆ ಘರಾಣೆಗಳಿಂದ ಕೇಳಿ ತಂದುಕೊಂಡ ಆವೇಶವಿದೆ. ಕೇಳಿ ತರುವುದು ಅವರಿಗೆ ಎಳವೆಯಿಂದ ಬಂದದ್ದು. ಚಿಕ್ಕವರಿದ್ದಾಗ ಭಜನೆ, ಬಾಜಾಗಳ ಹಿಂದೆ ಹೋಗಿ ಎಲ್ಲೋ ಮಲಗಿಬಿಡುತ್ತಿದ್ದರಂತೆ. ಕಂಡವರು ಮನೆಗೆ ತಲುಪಿಸಲೆಂದು ತಂದೆ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆದಿದ್ದರೆಂಬ ಕಥೆಯನ್ನು ಈ ಕಡೆಯ ಜನ ಇವತ್ತಿಗೂ ಹೇಳುತ್ತಾರೆ.

ಲಯದ ಕಡೆ ಕಿವಿ ತಿರುಗಿಸಿದರೆ ಇನ್ನೊಂದು ಲೋಕ. ವಿಲಂಬಿತ ಏಕತಾಲದಲ್ಲಿ ಹನ್ನೆರಡು ಮಾತ್ರೆ. ಒಂದು ಆವರ್ತನಕ್ಕೆ ಕೆಲವೊಮ್ಮೆ ಒಂದು ನಿಮಿಷ ಹಿಡಿಯುತ್ತದೆ. ಅಷ್ಟು ಉದ್ದದ ಕಾಲವನ್ನು ಗಾಯಕ ಎಣಿಸುತ್ತ ಕೂರುವುದಿಲ್ಲ. ಆಲಾಪದಲ್ಲಿ ಕಳೆದುಹೋದವರಂತೆ ಕಂಡರೂ ಸಮ್ (ಆವರ್ತನದ ಮೊದಲ ಮಾತ್ರೆ) ಹತ್ತಿರವಾಗುತ್ತಿದ್ದಂತೆ ಮುಖಡಾ (ಹಾಡಿನ ಮೊದಲ ತುಣುಕು) ಎತ್ತಿ, ತಬಲಾದ ಧಾ ಬೀಳುವ ಕ್ಷಣಕ್ಕೆ ಸರಿಯಾಗಿ ಬಂದು ಸೇರುತ್ತಾರೆ. ಮೊದಮೊದಲು ಕೇಳುವವರು ತೊಡೆಯ ಮೇಲೆ ಬೆರಳಿನಿಂದ ಮಾತ್ರೆ ಎಣಿಸಿ ನೋಡಲಿ. ಎಣಿಕೆ ತಪ್ಪಲಿ, ಮತ್ತೆ ಹಿಡಿಯಲಿ. ಎಣಿಕೆ ಒಳಗೆ ಇಳಿದ ಮೇಲೆ ಬೆರಳು ತಾನೇ ನಿಲ್ಲುತ್ತದೆ. ಆಗ ಸಮ್ ಬರುವ ಮೊದಲೇ ಮೈಗೆ ಗೊತ್ತಾಗುತ್ತದೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಹೋರಾತ್ರಿ ನಡೆಯುವ ಬೈಠಕ್ಕುಗಳಲ್ಲಿ ಒಂದೇ ಗಳಿಗೆಗೆ ನೂರಾರು ತಲೆಗಳು ತೂಗುವುದನ್ನು ಕಂಡವರಿಗೆ ಈ ಮಾತು ಹೊಸದೇನಲ್ಲ. ಅಪರಿಚಿತರು ನೂರಾರು ಮಂದಿ ಒಂದೇ ಕ್ಷಣವನ್ನು ಕಾಯುತ್ತಾರೆ, ಅದು ಬಂದಾಗ ಒಟ್ಟಿಗೆ ಗುರುತಿಸುತ್ತಾರೆ. ಜಗತ್ತಿನಲ್ಲಿ ಇಂಥ ಒಮ್ಮತ ಬೇರೆಲ್ಲಿ ಸಿಗುತ್ತದೆಯೋ ನಾನು ಕಾಣೆ.

ಮುದ್ರಿಕೆ ಮತ್ತು ಎದುರು ಕುಳಿತು ಕೇಳುವ ಹಾಡು, ಇವೆರಡರ ನಡುವೆ ಯಾವುದು ದೊಡ್ಡದೆಂಬ ಜಗಳ ನನಗೆ ಬೇಡ. ಎರಡೂ ಬೇರೆ ಬೇರೆ ಸಂಗತಿ ಕಲಿಸುತ್ತವೆ. ಮುದ್ರಿಕೆ ಹಿಂದಕ್ಕೆ ಹೋಗಿ ಮತ್ತೆ ಕೇಳಲು ಬಿಡುತ್ತದೆ. ಆ ಒಂದು ತಾನಿನಲ್ಲಿ ನಿಷಾದ ಬಂತೋ ಇಲ್ಲವೋ ಎಂದು ಇಪ್ಪತ್ತು ಸಲ ನೋಡಬಹುದು. ಸತ್ತವರ ದನಿಯನ್ನು ಬದುಕಿದವರ ಪಾಠವಾಗಿ ಉಳಿಸುತ್ತದೆ. ಒಂದು ಮುದ್ರಿಕೆಗಾಗಿ ಅರಸರೊಬ್ಬರು ಬೊಕ್ಕಸ ತೆರೆದ ಸಂಗತಿಯೂ ನಮ್ಮ ನಾಡಿನಲ್ಲಿದೆ. 1940ರ ದಶಕದ ಕೊನೆಯಲ್ಲಿ ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಸ್ವತಃ ಮೆಟ್ನರ್ ಪಿಯಾನೊ ನುಡಿಸಿ ಮುದ್ರಿಸುವಂತೆ ಹಣ ಕೊಟ್ಟರು. ಮೆಟ್ನರ್ 1951ರಲ್ಲಿ ತೀರಿಕೊಂಡರು. ಅವರ ಬೆರಳಿನ ನುಡಿ ಇಂದಿಗೂ ಉಳಿದಿರುವುದರಲ್ಲಿ ಮೈಸೂರಿನ ಒಬ್ಬ ಒಳ್ಳೆಯ ಕೇಳುಗರ ಪಾಲು ದೊಡ್ಡದು.

ಆದರೆ ಮುದ್ರಿಕೆಯಲ್ಲಿ ಹಾಡು ಪ್ರತಿ ಸಲವೂ ಅದೇ ಆಗಿರುತ್ತದೆ. ಗಾಯಕ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆಂದು ನಮಗೆ ಬಾಯಿಪಾಠವಾಗಿಬಿಡುತ್ತದೆ. ಮುಂದೆ ಅದೇ ರಾಗವನ್ನು ಎದುರಿನಲ್ಲಿ ಕೇಳುವಾಗ ನಮ್ಮ ಕಿವಿ ಆ ಹಳೆಯ ಹಾಡನ್ನೇ ಬೇಡುತ್ತದೆ, ಸಿಗದಿದ್ದರೆ ಮುನಿಸಿಕೊಳ್ಳುತ್ತದೆ. ಇದು ವಿಮರ್ಶೆಯಲ್ಲ, ರೂಢಿ. ಎದುರಿನ ಗಾಯಕ ಇವತ್ತಿನ ಗಂಟಲಿನಿಂದ, ಇವತ್ತಿನ ಹವೆಯಲ್ಲಿ, ಎದುರು ಕುಳಿತವರ ಮುಖ ನೋಡಿ ಹಾಡುತ್ತಿರುತ್ತಾರೆ. ತಾರ ಷಡ್ಜಕ್ಕೆ ಮೊದಲ ಸಲ ಕೈಚಾಚಿ ಹಿಂದೆ ಸರಿದು, ಎರಡನೇ ಸಲ ಹೋಗಿ ಹಿಡಿಯುತ್ತಾರೆ. ಮುದ್ರಿಕೆಯಲ್ಲಿ ಆ ಮೊದಲ ಪ್ರಯತ್ನವನ್ನು ಎಷ್ಟೋ ಸಲ ಕತ್ತರಿಸಿ ತೆಗೆದಿರುತ್ತಾರೆ. ಬೈಠಕ್ಕಿನಲ್ಲಿ ಅದು ನಮ್ಮ ಕಣ್ಣೆದುರು ನಡೆಯುತ್ತದೆ, ಅದರಿಂದಲೇ ಎರಡನೆಯದು ನಮ್ಮದೂ ಗೆಲುವಾಗುತ್ತದೆ. ತಪ್ಪನ್ನು ಗುರುತಿಸುವ ಕಿವಿ ಬೇಕು. ತಪ್ಪಿಗಾಗಿ ಕಾಯುವ ಕಿವಿ ಬೇಡ.

ಒಂದು ದುಃಖವನ್ನೂ ಹೇಳಬೇಕು. ಈಚೆಗೆ ಹಳ್ಳಿಗಳ ಜಾತ್ರೆ, ಪುರಾಣ, ಉತ್ಸವಗಳಲ್ಲಿ ದೊಡ್ಡ ದೊಡ್ಡ ಸ್ಪೀಕರು ತಂದಿಡುತ್ತಾರೆ. ಗವಾಯಿಗಳ ದನಿಯಲ್ಲಿದ್ದ ಸಣ್ಣ ಮೀಂಡು, ತಂಬೂರಿಯ ಗುಂಗು, ಬಾಯಾದ ಗುಮಕಿ ಎಲ್ಲವೂ ಆ ಅಬ್ಬರದಲ್ಲಿ ಮುಳುಗಿಹೋಗುತ್ತವೆ. ಐವತ್ತು ಜನ ಕುಳಿತ ಗುಡಿಯ ಅಂಗಳಕ್ಕೆ ಐದು ಸಾವಿರ ಜನಕ್ಕಾಗುವಷ್ಟು ಸದ್ದು ಯಾಕೆ ಬೇಕು? ಜೋರಾದದ್ದೇ ಚೆಂದ ಎಂದು ಮಕ್ಕಳ ಕಿವಿ ಕಲಿತುಬಿಟ್ಟರೆ, ಷಡ್ಜ ಏಳಲಿಲ್ಲ ಎಂದು ಹೇಳುವ ಅಜ್ಜ ನಾಳೆ ಯಾವ ಕಟ್ಟೆಯ ಮೇಲೂ ಸಿಗುವುದಿಲ್ಲ.

ಇಷ್ಟೆಲ್ಲ ತಿಳಿದು ಕೇಳಿದ ಮೇಲೂ ಕೊನೆಗೆ ಒಂದು ಉಳಿಯುತ್ತದೆ. ಗಾಂಧಾರವನ್ನು ಅಳೆಯಬಹುದು, ಮಾತ್ರೆ ಎಣಿಸಬಹುದು, ಘರಾಣೆ ಹೇಳಬಹುದು, ಪ್ಲೇಟಿನ ವೇಗ ಸರಿಪಡಿಸಬಹುದು. ಆದರೆ ವೆಂಕಟೇಶ ಕುಮಾರರು ಒಂದು ಷಡ್ಜವನ್ನು ಹಚ್ಚಿ ಹಿಡಿದಾಗ ಎದೆ ಯಾಕೆ ತುಂಬಿ ಬರುತ್ತದೆ ಎಂಬುದಕ್ಕೆ ಅಳತೆ ಇಲ್ಲ. ಅಳೆಯಬಲ್ಲದ್ದನ್ನೆಲ್ಲ ಅಳೆದವನಿಗೆ ಮಾತ್ರ ಅಳತೆಗೆ ಸಿಗದದ್ದು ಯಾವುದು ಎಂದು ಖಚಿತವಾಗಿ ಗೊತ್ತಾಗುತ್ತದೆ. ಸುಮ್ಮನೆ ಕಣ್ಣು ಮುಚ್ಚಿ ಕೇಳುವವನು ಎಲ್ಲವನ್ನೂ ಪವಾಡ ಎನ್ನುತ್ತಾನೆ. ತೂಗಿ ಕೇಳುವವನು ನಿಜವಾದ ಪವಾಡದ ಮುಂದೆ ಬಂದು ಕೈಮುಗಿಯುತ್ತಾನೆ. ಬೆರಗಿಗೆ ಅರ್ಹರಾಗುವುದಕ್ಕೂ ಸಾಧನೆ ಬೇಕು, ಅದು ಗಾಯಕರಿಗಷ್ಟೇ ಬಿಟ್ಟದ್ದಲ್ಲ.

ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ. ಈ ವಾರ ಒಂದು ರಾಗ ಆರಿಸಿಕೊಳ್ಳಿ; ಭೂಪ್ ಆಗಲಿ, ಯಮನ್ ಆಗಲಿ. ಅದನ್ನು ಇಬ್ಬರು ಗಾಯಕರಲ್ಲಿ, ಬೇರೆ ಕೆಲಸ ಬದಿಗಿಟ್ಟು, ಮೊದಲಿನಿಂದ ಕೊನೆಯವರೆಗೆ ಕೇಳಿ. ಎಲ್ಲಿ ನಿಂತರು, ಎಲ್ಲಿ ಸಾಗಿದರು ಎಂದು ಗಮನಿಸಿ. ನಿಮ್ಮ ಊರಿನ ಗುಡಿಯಲ್ಲಿ ಪುರಾಣ ಹಚ್ಚಿದಾಗ ಸ್ಪೀಕರಿನ ಸದ್ದು ಇಳಿಸಲು ಹೇಳಿ, ಮಕ್ಕಳನ್ನು ಗವಾಯಿಗಳ ಹತ್ತಿರ ಮುಂದಿನ ಸಾಲಿನಲ್ಲಿ ಕೂರಿಸಿ. ಹಳೆಯ ಪ್ಲೇಟು, ಕ್ಯಾಸೆಟ್ಟು ಮನೆಯ ಅಟ್ಟದ ಮೇಲಿದ್ದರೆ ಗುಜರಿಗೆ ಹಾಕಬೇಡಿ, ಉಳಿಸಬಲ್ಲವರ ಕೈಗೆ ಕೊಡಿ. ಗದಗಕ್ಕೆ ಹೋದಾಗ ಪುಣ್ಯಾಶ್ರಮದಲ್ಲಿ ಒಂದು ತಾಸು ಕುಳಿತು ಅಲ್ಲಿನ ಮಕ್ಕಳು ಸ್ವರ ಹಚ್ಚುವುದನ್ನು ಕೇಳಿ ಬನ್ನಿ. ಈ ನೆಲ ಹಾಡುವವರನ್ನು ಬೇಕಾದಷ್ಟು ಕೊಟ್ಟಿದೆ. ಅವರಿಗೆ ತಕ್ಕ ಕೇಳುಗರನ್ನು ಕೊಡುವುದು ಈಗ ನಮ್ಮ ಪಾಲಿನ ಕೆಲಸ.